ಮುದಗಲ್ಲಿನ ಚರ್ಚು ಮತ್ತು 1557ರ ಪ್ರಶ್ನೆ

ರಾಯಚೂರು ಜಿಲ್ಲೆಯ ಇತಿಹಾಸವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಕೋಟೆಗಳು ಮತ್ತು ಯುದ್ಧಗಳು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ಬಹಮನಿಗಳು, ವಿಜಯನಗರದ ಅರಸರು, ಆದಿಲ್‌ಶಾಹಿಗಳು ಸುಮಾರು ಇನ್ನೂರು ವರ್ಷ ಬಡಿದಾಡಿದರು. ದೇವದುರ್ಗ, ಮಾನ್ವಿ, ಸಿಂಧನೂರು, ಲಿಂಗಸುಗೂರು ಎಲ್ಲೇ ಹೋದರೂ ಆ ಕಾಲದ ಕುರುಹು ಒಂದಲ್ಲ ಒಂದು ಸಿಗುತ್ತದೆ. ಆದರೆ ಇದೇ ನೆಲದಲ್ಲಿ, ಇದೇ ಯುದ್ಧಗಳ ನಡುವೆ, ಒಂದು ಸಣ್ಣ ಕ್ರೈಸ್ತ ಸಮುದಾಯ ಬೇರುಬಿಟ್ಟು ನಿಂತಿತೆಂಬುದು ಜಿಲ್ಲೆಯ ಹೊರಗೆ ಹೆಚ್ಚು ಜನರಿಗೆ ತಿಳಿದಿಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ ಆ ಊರು.

ನಾವು ಸಾಮಾನ್ಯವಾಗಿ ಮುದಗಲ್ಲಿಗೆ ಹೋಗುವುದು ಕೋಟೆ ನೋಡಲು, ಇಲ್ಲವೆ ಮೊಹರಂ ದಿನಗಳಲ್ಲಿ ಹುಸೇನಿ ಆಲಂ ದರ್ಶನಕ್ಕೆ. ಮತಭೇದವಿಲ್ಲದೆ ಜನ ಸೇರುವ ಆ ಮೊಹರಂ ನಾಡಿಗೆಲ್ಲ ಪರಿಚಿತ. ಅದೇ ಊರಿನ ಚರ್ಚಿನತ್ತ ಹೊರಳುವವರು ಕಡಿಮೆ. ಈ ಚರ್ಚು 1557ಕ್ಕೆ ಮೊದಲೇ ಕಟ್ಟಲ್ಪಟ್ಟಿತೆಂದೂ, ಗೋವಾದಿಂದ ಬಂದ ಸಂತ ಫ್ರಾನ್ಸಿಸ್ ಜೇವಿಯರ್ ಅವರ ಬಳಗದ ಮಿಷನರಿಯೊಬ್ಬರು ಇಲ್ಲಿಯ ಜನರಿಗೆ ದೀಕ್ಷೆ ಕೊಟ್ಟರೆಂದೂ ಬ್ರಿಟಿಷ್ ಕಾಲದ ಗೆಜೆಟಿಯರು ದಾಖಲಿಸಿದೆ.

1557 ಎಂದರೆ ಎಷ್ಟು ಹಿಂದಿನ ಮಾತು ಎಂಬುದನ್ನು ಸ್ವಲ್ಪ ಯೋಚಿಸಬೇಕು. ಜೇವಿಯರ್ ಗೋವಾಕ್ಕೆ ಬಂದಿಳಿದದ್ದು 1542ರಲ್ಲಿ, ತೀರಿಕೊಂಡದ್ದು 1552ರಲ್ಲಿ. ಅಕ್ಬರನ ದರ್ಬಾರಿಗೆ ಮೊದಲ ಜೆಸ್ಯುಟ್ ತಂಡ ಹೋದದ್ದು 1580ರಲ್ಲಿ. ಗೋವಾದ ಸೇ ಕೆಥೆಡ್ರಲ್ ಕಟ್ಟಲು ಆರಂಭಿಸಿದ್ದು 1562ರಲ್ಲಿ. ಜೇವಿಯರ್ ಅವರ ದೇಹವನ್ನಿರಿಸಿರುವ ಬೊಂ ಜೀಸಸ್ ಬಸಿಲಿಕಾ ಇನ್ನೂ ಈಚಿನದು, ಅದರ ಕೆಲಸ ಶುರುವಾದದ್ದು 1594ರಲ್ಲಿ. ಅಂದರೆ ನಾವು ಇಂದು 'ಗೋವಾ ಚರ್ಚು' ಎಂದು ಬಾಯಿ ತೆರೆದು ನೋಡುವ ಆ ಎರಡು ಕಟ್ಟಡಗಳು ಏಳುವ ಮೊದಲೇ ಮುದಗಲ್ಲಿನಲ್ಲಿ ಪ್ರಾರ್ಥನೆಯ ಗಂಟೆ ಕೇಳಿಸುತ್ತಿತ್ತು!

ಆದ್ದರಿಂದ ಮುದಗಲ್ಲಿನಲ್ಲಿ ಗೋವಾದ ಪ್ರತಿರೂಪವನ್ನು ಹುಡುಕುವುದು ತಪ್ಪಾಗುತ್ತದೆ. ವಾಸ್ತುಶಿಲ್ಪ ಮೊದಲು ಕೇಳುವುದು ನೆಲದ ಮಾತನ್ನು. ಗೋವಾದ್ದು ಜಂಬಿಟ್ಟಿಗೆಯ ನೆಲ, ಧೋ ಎಂದು ಸುರಿಯುವ ಮಳೆ. ಅಲ್ಲಿ ಗೋಡೆಗೆ ದಪ್ಪ ಸುಣ್ಣದ ಗಿಲಾವು ಬೇಕು, ಇಳಿಜಾರು ಮಾಡು ಬೇಕು. ದೋಆಬಿನದು ಕಗ್ಗಲ್ಲಿನ ನೆಲ, ಸುಡುಬಿಸಿಲಿನ ಸೀಮೆ. ಇಲ್ಲಿ ಕೋಟೆ, ಗುಡಿ, ಮಸೀದಿ ಎಲ್ಲವನ್ನೂ ಕಟ್ಟಿದ್ದು ಅದೇ ಕಲ್ಲಿನಿಂದ. ರಾಯಚೂರು ಕೋಟೆಯ 1294ರ ಶಾಸನವಿರುವ ಕಲ್ಲು ನಲವತ್ತು ಅಡಿಗಿಂತ ಉದ್ದವಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಗೋಡೆಯ ಮೇಲೆ ಕೊರೆದಿದ್ದಾರೆ. ಅದೇ ನಗರದ 'ಏಕ್ ಮಿನಾರ್ ಕಿ ಮಸೀದಿ' 1513ರದು. ಒಂದೇ ಒಂದು ಮಿನಾರು, ಎತ್ತರ ಸುಮಾರು 65 ಅಡಿ. ಪಾದ್ರಿ ಯಾವ ದೇಶದಿಂದ ಬಂದರೇನು, ಕಲ್ಲು ಕಡಿಯುವ ಕೈ ಮಾತ್ರ ಈ ಊರಿನದೇ.

ಊರ ಚರ್ಚೆಂದರೆ ಒಂದೇ ಕಟ್ಟಡವೂ ಅಲ್ಲ. ಪ್ರಾರ್ಥನೆಯ ಮಂದಿರ, ಅದರ ತುದಿಯಲ್ಲಿ ಬಲಿಪೀಠ, ಪಕ್ಕದಲ್ಲಿ ಪಾದ್ರಿಯ ವಾಸಕ್ಕೆ ಗುರುಮನೆ, ಅಂಗಳದಲ್ಲಿ ಶಿಲುಬೆ, ಆಚೆಗೆ ಸಮಾಧಿಗಳು, ಮುಂದೆ ಕಾಲ ಬಂದಂತೆ ಒಂದು ಶಾಲೆ. ಮಸೀದಿಯ ಸುತ್ತ ಹೌಜು, ಮದರಸಾ, ಖಬರಸ್ತಾನ ಬೆಳೆದ ಹಾಗೆಯೇ ಇದೂ ಬೆಳೆಯುತ್ತದೆ. ಮಂದಿರವನ್ನು ಕೆಡವಿ ಹೊಸದಾಗಿ ಕಟ್ಟಬಹುದು, ಸುಣ್ಣ ಬಳಿಯಬಹುದು, ಮಾಡು ಬದಲಿಸಬಹುದು. ಆದರೆ ಹಿರಿಯರನ್ನು ಹೂಳಿದ ನೆಲವನ್ನು ಸಮುದಾಯ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇಂಥ ಆವರಣದ ವಯಸ್ಸನ್ನು ಗೋಡೆಗಿಂತ ಹೆಚ್ಚಾಗಿ ಸಮಾಧಿಗಳು ಹೇಳುತ್ತವೆ. ಭಾಷೆಯೂ ಹೇಳುತ್ತದೆ. 'ಪಾದ್ರಿ', 'ಇಗರ್ಜಿ' ಎಂಬ ಮಾತುಗಳು ಪೋರ್ಚುಗೀಸಿನಿಂದ ಬಂದು ನಮ್ಮವೇ ಆಗಿಹೋದವು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಚರ್ಚಿಗೆ ಜಾಗ ಕೊಟ್ಟವರು ಯಾರು?

ಆದಿಲ್‌ಶಾಹಿ ಸುಲ್ತಾನರು ಎಂಬುದು ರೂಢಿಯ ಉತ್ತರ. ಈ ಉತ್ತರಕ್ಕೆ ಆಧಾರವಿಲ್ಲದಿಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ್ (1580–1627) ಕಾಲದಲ್ಲಿ ಪೋರ್ಚುಗೀಸ್ ಮಿಷನರಿಗಳಿಗೆ ಬೋಧನೆಯ ಸ್ವಾತಂತ್ರ್ಯವಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಬರಹಗಾರರು ಮೆಚ್ಚಿ ಬರೆದಿದ್ದಾರೆ. ಅದಕ್ಕೂ ಮೊದಲು, ಅಲಿ ಆದಿಲ್‌ಶಾಹನು ಧರ್ಮದ ವಿಷಯ ಚರ್ಚಿಸಲು ಗೋವಾದಿಂದ ಪಾದ್ರಿಗಳನ್ನು ಕರೆಸಿಕೊಂಡಿದ್ದ. 1561ರಲ್ಲಿ ಗೊನ್ಸಾಲೊ ರೊಡ್ರಿಗಸ್ ಎಂಬ ಜೆಸ್ಯುಟ್ ಬಿಜಾಪುರಕ್ಕೆ ಬಂದಿದ್ದರು. ಇದೇ ಅಲಿ 1570-71ರಲ್ಲಿ ಗೋವಾಕ್ಕೆ ಮುತ್ತಿಗೆ ಹಾಕಿದ. ಪೋರ್ಚುಗೀಸರ ಫಿರಂಗಿಯ ಮೇಲಿನ ಜಗಳ ಬೇರೆ, ಅವರ ಪಾದ್ರಿಯೊಡನೆ ಮಾತು ಬೇರೆ ಎಂಬ ತಿಳುವಳಿಕೆ ಆ ಅರಸನಿಗಿತ್ತು.

ಇದನ್ನು ಓದುವಾಗ ನಮಗೆ ಹೆಮ್ಮೆಯಾಗುವುದು ಸಹಜ. ದಖ್ಖನಿನ ಮುಸ್ಲಿಂ ಅರಸರೆಂದರೆ ಗುಡಿ ಒಡೆದವರು ಎಂಬ ಒಂದೇ ಮಾತನ್ನು ಕೇಳಿ ಕೇಳಿ ಬೇಸತ್ತಿರುವ ನಮಗೆ ಇಂಥ ಉದಾಹರಣೆಗಳು ಆಸರೆಯಂತೆ ಕಾಣುತ್ತವೆ. ಆದರೆ ಇತಿಹಾಸ ನಮ್ಮ ಆಸರೆಗಾಗಿ ಇರುವಂಥದ್ದಲ್ಲ. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಥೆ ಅಷ್ಟು ನೇರವಾಗಿಲ್ಲ.

1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರನ್ನು ಗೆದ್ದ. ಆ ಮುತ್ತಿಗೆಯಲ್ಲಿ ರಾಯನ ಪರವಾಗಿ ಕ್ರಿಸ್ಟೋವಾವ್ ದ ಫಿಗೆರೆದು ಎಂಬ ಪೋರ್ಚುಗೀಸನ ಬಂದೂಕುಧಾರಿಗಳು ಕಾದಿದರು. ಸುಲ್ತಾನನ ಸೈನ್ಯದಲ್ಲೂ ಪೋರ್ಚುಗೀಸರಿದ್ದರು. ರಾಯನ ಮರಣದ ನಂತರ 1530ರ ಸುಮಾರಿಗೆ ರಾಯಚೂರು ಮತ್ತು ಮುದಗಲ್ ಮತ್ತೆ ಬಿಜಾಪುರದ ಪಾಲಾದವು. 1552ರ ಸುಮಾರಿಗೆ ರಾಮರಾಯನು ಅಹಮದ್‌ನಗರದ ನಿಜಾಂಶಾಹನ ಜೊತೆಗೂಡಿ ಇವೆರಡನ್ನೂ ಕಿತ್ತುಕೊಂಡ. 1565ರ ತಾಳಿಕೋಟೆ ಯುದ್ಧಕ್ಕೆ ಮುನ್ನ ಅಲಿ ಆದಿಲ್‌ಶಾಹನು ರಾಮರಾಯನಿಂದ ಮರಳಿ ಕೇಳಿದ ಕೋಟೆಗಳಲ್ಲಿ ರಾಯಚೂರು, ಮುದಗಲ್ ಸೇರಿದ್ದವೆಂದು ಫೆರಿಶ್ತಾ ಬರೆಯುತ್ತಾನೆ. ಅಂದರೆ 1557ರಲ್ಲಿ ಮುದಗಲ್ ವಿಜಯನಗರದ ಕೈಯಲ್ಲಿತ್ತು!

ಹಾಗಾದರೆ ಗೆಜೆಟಿಯರಿನ ಇಸವಿಯನ್ನು ನಂಬಿದರೆ, ಚರ್ಚು ಎದ್ದದ್ದು ಒಂದೋ 1552ಕ್ಕೆ ಮುಂಚೆ ಒಂದನೆಯ ಇಬ್ರಾಹಿಮನ ಆಳ್ವಿಕೆಯಲ್ಲಿ, ಇಲ್ಲವೆ ಅದರ ನಂತರ ರಾಮರಾಯನ ಆಳ್ವಿಕೆಯಲ್ಲಿ. ಹೇಗೆ ನೋಡಿದರೂ ಅದು ಎರಡೂ ರಾಜ್ಯಗಳನ್ನು ಕಂಡಿದೆ. ಕೋಟೆಯ ಮೇಲಿನ ನಿಶಾನೆ ಬದಲಾದಾಗಲೆಲ್ಲ ಹೊಸ ಕಿಲ್ಲೇದಾರನು ಬಂದು ಈ ಪುಟ್ಟ ಮಂದಿರವನ್ನು ಅದರ ಪಾಡಿಗೆ ಬಿಟ್ಟಿದ್ದಾನೆ. ಸುಲ್ತಾನರ ಔದಾರ್ಯವನ್ನಷ್ಟೇ ಹೇಳಿ ರಾಯರ ಔದಾರ್ಯವನ್ನು ಮರೆಮಾಡಿದರೆ, ನಮ್ಮ ಇತಿಹಾಸಕ್ಕೆ ಇತರರು ಮಾಡುತ್ತಿರುವ ಅನ್ಯಾಯವನ್ನೇ ನಾವೂ ಮಾಡಿದಂತಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಶನ್ ಎಂಬ ಮತವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾಯಿತು. ಅದು ಕೊನೆಯಾದದ್ದು 1812ರಲ್ಲಿ. ಅಲ್ಲಿ ಪಾದ್ರಿಯ ಬೆನ್ನಿಗೆ ಸರಕಾರವಿತ್ತು, ಸೆರೆಮನೆಯಿತ್ತು. ಮುದಗಲ್ಲಿನಲ್ಲಿ ಅವೇನೂ ಇರಲಿಲ್ಲ. ಇಲ್ಲಿ ಕ್ರೈಸ್ತರಾದವರು ಪೋರ್ಚುಗೀಸರ ಪ್ರಜೆಗಳೂ ಆಗಿರಲಿಲ್ಲ. 1759ರಲ್ಲಿ ಪೋರ್ಚುಗಲ್ ಜೆಸ್ಯುಟರನ್ನು ತನ್ನ ಸೀಮೆಗಳಿಂದ ಹೊರಹಾಕಿತು. 1773ರಲ್ಲಿ ಪೋಪ್ ಆ ಸಂಘವನ್ನೇ ರದ್ದುಗೊಳಿಸಿದರು. ಆದರೂ ಮುದಗಲ್ಲಿನ ವಿಶ್ವಾಸಿಗಳು ಉಳಿದರು. ಬಿಜಾಪುರ ಅಳಿಯಿತು, ಮೊಗಲರು ಬಂದು ಹೋದರು, ನಿಜಾಮರು ಬಂದರು, 1853ರಿಂದ 1860ರವರೆಗೆ ದೋಆಬ್ ಬ್ರಿಟಿಷರ ಕೈಯಲ್ಲಿದ್ದು ಮತ್ತೆ ನಿಜಾಮರಿಗೆ ಮರಳಿತು. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದವು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂತು. ಇಷ್ಟೆಲ್ಲ ದಾಟಿ ಬಂದವರನ್ನು ಇಂದು ಯಾರಾದರೂ 'ಹೊರಗಿನವರು' ಎಂದು ಕರೆದರೆ ಆ ಮಾತಿಗೆ ಏನರ್ಥ? 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿ ನಡೆದಾಗ ಎದ್ದ ಪ್ರಶ್ನೆಯೂ ಇದೇ ಆಗಿತ್ತು.

ಕುರ್‌ಆನಿನ ಅಲ್‌ಹಜ್ಜ್ ಅಧ್ಯಾಯವು ದೇವನ ಹೆಸರು ಸ್ಮರಿಸಲ್ಪಡುವ ಸ್ಥಳಗಳನ್ನು ಹೇಳುವಾಗ ಮಸೀದಿಯ ಜೊತೆಗೆ ಕ್ರೈಸ್ತರ, ಯಹೂದಿಯರ ಆರಾಧನಾಲಯಗಳನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಆದ್ದರಿಂದ ಮುದಗಲ್ಲಿನ ಚರ್ಚಿನ ಇತಿಹಾಸ ಕ್ರೈಸ್ತರೊಬ್ಬರೇ ಬರೆದುಕೊಳ್ಳಬೇಕಾದದ್ದು ಎಂದು ನಾವು ಭಾವಿಸುವುದಿಲ್ಲ. ಆ ಕಾಲದ ಫರ್ಮಾನು, ಸನದುಗಳ ಭಾಷೆ ಫಾರಸಿ. ಅದನ್ನು ಓದಬಲ್ಲವರು ಇಂದು ನಮ್ಮ ಮದರಸಾಗಳಲ್ಲೇ ಉಳಿದಿದ್ದಾರೆ, ಅವರೂ ಕಡಿಮೆಯಾಗುತ್ತಿದ್ದಾರೆ. ಜೆಸ್ಯುಟರ ಪತ್ರಗಳು ಗೋವಾ ಮತ್ತು ರೋಮಿನ ಭಂಡಾರಗಳಲ್ಲಿ ಪೋರ್ಚುಗೀಸಿನಲ್ಲಿವೆ. ಊರಿನ ನೆನಪು ಕನ್ನಡದಲ್ಲಿದೆ. ಫಾರಸಿ ಬಲ್ಲ ಒಬ್ಬ ಮೌಲವಿ, ಪೋರ್ಚುಗೀಸ್ ಬಲ್ಲ ಒಬ್ಬ ಪಾದ್ರಿ, ಶಾಸನ ಓದಬಲ್ಲ ಒಬ್ಬ ಕನ್ನಡ ಮೇಷ್ಟ್ರು ಒಂದೇ ಮೇಜಿನ ಸುತ್ತ ಕುಳಿತರೆ ದೋಆಬಿನ ನಿಜವಾದ ಚರಿತ್ರೆ ಬರೆಯಲು ಸಾಧ್ಯ. ಆ ಕೆಲಸ ಸಮಾಧಿಕಲ್ಲುಗಳ ಮೇಲಿನ ಅಕ್ಷರಗಳು ಸವೆದುಹೋಗುವ ಮೊದಲು ಆಗಬೇಕು.