ಲಸಿಕೆ ಕೆಲಸ ಮಾಡ್ತು, ಆದ್ರೆ ಯಾವುದರ ವಿರುದ್ಧ? (ಲಸಿಕೆ ಕಥೆಗಳು, ಭಾಗ 6)

1989ರ ಡಿಸೆಂಬರ್. ಏಡ್ಸ್ ಅಂದ್ರೆ ಜನ ನಡುಗ್ತಿದ್ದ ಕಾಲ. ಡಾಕ್ಟರ್‌ಗಳ ಕೈಲಿ ವೈರಸ್ ಮೇಲೆ ಬಿಡೋಕೆ ಇದ್ದ ಔಷಧಿ ಎಜೆಡ್‌ಟಿ ಒಂದೇ. ಅಂಥ ಹೊತ್ತಲ್ಲಿ ಅಮೆರಿಕದ ಲೂಸಿಯಾನಾದಿಂದ ಒಂದು ಸಿಹಿ ಸುದ್ದಿ ಬಂತು. ಮರ್ಫಿ-ಕಾರ್ಬ್ ಅವರ ತಂಡ ಎಸ್‌ಐವಿ ವೈರಸ್ಸನ್ನ ಫಾರ್ಮಲಿನ್‌ನಲ್ಲಿ ಸಾಯಿಸಿ, ಅದನ್ನೇ ಲಸಿಕೆ ಮಾಡಿ 9 ರೀಸಸ್ ಕೋತಿಗಳಿಗೆ ಕೊಟ್ಟಿತ್ತು. ಆಮೇಲೆ ಜೀವಂತ ವೈರಸ್ ಚುಚ್ಚಿದ್ರು. 8 ಕೋತಿಗಳಿಗೆ ಸೋಂಕು ಹತ್ತಲೇ ಇಲ್ಲ!

ಎಸ್‌ಐವಿ ಅಂದ್ರೆ ಎಚ್‌ಐವಿಯ ದಾಯಾದಿ. ಇದೂ ರೆಟ್ರೋವೈರಸ್ಸೇ. 1985ರಲ್ಲಿ ಪತ್ತೆಯಾಗಿದ್ದು. ರೀಸಸ್ ಕೋತಿಗೆ ಬಂದ್ರೆ ಏಡ್ಸ್ ಥರದ್ದೇ ಕಾಯಿಲೆ ಬರುತ್ತೆ. (ಅಂದ ಹಾಗೆ, ಈ ಕೋತಿಗಳ ಮೂಲ ನಮ್ಮ ದೇಶ. 1978ರಲ್ಲಿ ಭಾರತ ರಫ್ತು ನಿಲ್ಲಿಸಿತು. ಅಷ್ಟರಲ್ಲಿ ಅಲ್ಲಿಗೆ ಹೋಗಿದ್ದವುಗಳ ಸಂತಾನವನ್ನ ಇವತ್ತಿಗೂ ಸಂಶೋಧನಾ ಲೇಖನಗಳಲ್ಲಿ ‘ಭಾರತ ಮೂಲದ ರೀಸಸ್’ ಅಂತಾನೇ ಬರೀತಾರೆ. ಇದು ಉತ್ತರ ಭಾರತದ್ದು. ನಮ್ಮ ಕಡೆ ದೇವಸ್ಥಾನದ ಹತ್ರ ಬಾಳೆಹಣ್ಣು ಕಿತ್ಕೊಳ್ಳೋದು ಬೇರೆ ಜಾತಿ, ಬಾನೆಟ್ ಮಕಾಕ್.)

ಇಂಗ್ಲೆಂಡಿನಲ್ಲಿ ಜಿಮ್ ಸ್ಟಾಟ್ ತಂಡಕ್ಕೂ ಹೀಗೇ ಯಶಸ್ಸು ಸಿಕ್ಕಿತ್ತು. ಅವರು ವೈರಸ್ ಬೆಳೆಸ್ತಿದ್ದದ್ದು ಮನುಷ್ಯನ ರಕ್ತಕೋಶಗಳಲ್ಲಿ, ಸಿ8166 ಅಂತ ಹೆಸರು. ಸೋಂಕು ತಗುಲಿದ ಆ ಕೋಶಗಳೇ ಲಸಿಕೆ. 1991ರಲ್ಲಿ ಅವರು ಒಂದು ಕಂಟ್ರೋಲ್ ಗುಂಪು ಸೇರಿಸಿದ್ರು. 4 ಕೋತಿಗಳಿಗೆ ವೈರಸ್ಸೇ ಇಲ್ಲದ ಖಾಲಿ ಕೋಶ ಕೊಟ್ಟರು. ಇವು ಸೋಲಬೇಕಿತ್ತು.

4ರಲ್ಲಿ 2 ಕೋತಿ ಸೋಂಕಿಲ್ಲದೆ ಉಳಿದವು.

ಒಂದು ಸಲ ನಿಂತು ಯೋಚನೆ ಮಾಡಿ. ವೈರಸ್ಸನ್ನ ಯಾವತ್ತೂ ನೋಡದ ದೇಹ ವೈರಸ್ಸನ್ನ ತಡೀತು. ರಕ್ತ ಪರೀಕ್ಷೆ ಮಾಡಿದ್ರೆ, ಯಾವ ಕೋತಿ ಉಳಿಯುತ್ತೆ ಅನ್ನೋದಕ್ಕೂ ವೈರಸ್ ವಿರುದ್ಧದ ಆಂಟಿಬಾಡಿಗೂ ತಾಳೆ ಆಗ್ತಿರಲಿಲ್ಲ. ತಾಳೆ ಆಗಿದ್ದು ಮನುಷ್ಯನ ಕೋಶದ ವಿರುದ್ಧದ ಆಂಟಿಬಾಡಿ! ಕಾರಣ ಇಷ್ಟೇ: ವೈರಸ್ ಕೋಶದಿಂದ ಹೊರಗೆ ಬರೋವಾಗ ಆ ಕೋಶದ ಪೊರೆಯನ್ನೇ ಹೊದ್ಕೊಂಡು ಬರುತ್ತೆ, ಜೊತೆಗೆ ಅದರ ಎಚ್‌ಎಲ್‌ಎ ಪ್ರೋಟೀನ್‌ಗಳನ್ನೂ. ಲಸಿಕೆ ಬೆಳೆದಿದ್ದು ಮನುಷ್ಯನ ಕೋಶದಲ್ಲಿ, ಆಮೇಲೆ ಚುಚ್ಚಿದ ವೈರಸ್ಸೂ ಮನುಷ್ಯನ ಕೋಶದಲ್ಲೇ. ಕೋತಿಯ ದೇಹ ಹೊಡೆದಿದ್ದು ಕಳ್ಳನನ್ನಲ್ಲ, ಅವನು ಹೊದ್ದಿದ್ದ ಕಂಬಳಿಯನ್ನ.

ನಾನು ಬಿಕಾಂ ಓದ್ತಿರೋದ್ರಿಂದ ನಂಗೆ ಟ್ರಯಲ್ ಬ್ಯಾಲೆನ್ಸ್ ನೆನಪಾಯ್ತು. ಎರಡೂ ಕಡೆ ಒಂದೇ ತಪ್ಪಿದ್ರೆ ಲೆಕ್ಕ ಚೆನ್ನಾಗೇ ಟ್ಯಾಲಿ ಆಗುತ್ತೆ.

1993ರಲ್ಲಿ ಇಂಗ್ಲೆಂಡಿನ ಇನ್ನೊಂದು ತಂಡ ಕೋತಿಯ ಕೋಶದಲ್ಲೇ ಬೆಳೆಸಿದ ವೈರಸ್ ಚುಚ್ಚಿ ನೋಡಿತು. ರಕ್ಷಣೆ ಮಾಯ. ಎಷ್ಟೋ ವರ್ಷದ ಆಸೆ ಅಲ್ಲಿಗೆ ಕುಸಿದುಬಿತ್ತು. ಆದ್ರೂ ಸ್ಟಾಟ್ ಅವರ ಆ 4 ಕೋತಿಗಳ ಪ್ರಯೋಗವೇ ಈ ಕಥೆಯ ಅತಿ ಮುಖ್ಯ ಪ್ರಯೋಗ ಅಂತ ನನ್ನ ಅನಿಸಿಕೆ. ಗೆದ್ದಿದ್ದೀವಿ ಅನ್ನೋ ಹೊತ್ತಲ್ಲಿ ಕಂಟ್ರೋಲ್ ಹಾಕೋಕೆ, ಬಂದ ಉತ್ತರವನ್ನ ಮುಚ್ಚಿಡದೆ ಛಾಪಿಸೋಕೆ ಧೈರ್ಯ ಬೇಕು.

ಹಾಗಾದ್ರೆ ಆಂಟಿಬಾಡಿ ನಿಜವಾಗ್ಲೂ ವೈರಸ್ಸನ್ನೇ ತಡೀತಿದೆಯಾ ಅಂತ ಅಳೆಯೋದು ಹೇಗೆ? ಸೀರಮ್ಮನ್ನ 20 ಪಟ್ಟು, 60 ಪಟ್ಟು, 180 ಪಟ್ಟು ಹೀಗೆ ತೆಳು ಮಾಡ್ತಾ ಹೋಗ್ತಾರೆ. ಪ್ರತಿಯೊಂದಕ್ಕೂ ಅಷ್ಟೇ ಅಳತೆಯ ವೈರಸ್ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು ಕೋಶಗಳ ಮೇಲೆ ಹಾಕ್ತಾರೆ. ಎಷ್ಟು ತೆಳುವಾದ ಸೀರಮ್ಮು ಸೋಂಕನ್ನ ಅರ್ಧಕ್ಕೆ ಇಳಿಸುತ್ತೋ ಅದೇ ಆ ಪ್ರಾಣಿಯ ಅಂಕ. ಈಗ ಹೆಚ್ಚಾಗಿ ಬಳಸೋದು ಟಿಜೆಡ್‌ಎಂ-ಬಿಎಲ್ ಅನ್ನೋ ಕೋಶ. ವೈರಸ್ ಒಳಗೆ ಹೋದ್ರೆ ಲೂಸಿಫರೇಸ್ ತಯಾರಾಗಿ, ಅದರ ರಾಸಾಯನಿಕ ಹಾಕಿದಾಗ ಬೆಳಕು ಬರುತ್ತೆ, ನಮ್ಮ ಮಿಂಚುಹುಳದ ಥರ. ಬೆಳಕು ಕಮ್ಮಿ ಆದಷ್ಟೂ ಆಂಟಿಬಾಡಿ ಗಟ್ಟಿ. ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಮಾಂಟೆಫಿಯೋರಿ ಇದನ್ನ ಎಲ್ಲ ಲ್ಯಾಬ್‌ಗಳಲ್ಲೂ ಒಂದೇ ರೀತಿ ಮಾಡೋ ಹಾಗೆ ಕಟ್ಟುನಿಟ್ಟು ಮಾಡಿದವರಲ್ಲಿ ಪ್ರಮುಖರು.

ಈ ಕೋಶವೂ ಮನುಷ್ಯನದ್ದೇ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ಸಾಲು ಇಡ್ತಾರೆ: ಅದೇ ಸೀರಮ್, ಆದ್ರೆ ಎಚ್‌ಐವಿ ಬದಲು ಇಲಿಯ ರೆಟ್ರೋವೈರಸ್‌ನ ಹೊದಿಕೆ ಹಾಕಿದ ವೈರಸ್. ಅಲ್ಲೂ ಬೆಳಕು ಕಮ್ಮಿ ಆಯ್ತು ಅಂದ್ರೆ ಸೀರಮ್‌ನಲ್ಲಿ ಬೇರೇನೋ ಕೆಲಸ ಮಾಡ್ತಿದೆ, ಆ ಅಂಕವನ್ನ ನಂಬೋ ಹಾಗಿಲ್ಲ.

ಮುಂದಿನ ಭಾಗ: 2003ರಲ್ಲಿ ಸೋತ ಏಡ್ಸ್‌ವ್ಯಾಕ್ಸ್.