ಹಂಪಿ ಬಜಾರಿನಲ್ಲಿ ತೊಗಲು ಹುಡುಕುತ್ತಾ

ಮೊನ್ನೆ ಭಾನುವಾರ ಹಂಪಿಗೆ ಹೋಗಿದ್ದೆ. ಚಿಕ್ಕಂದಿನಿಂದ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಜಾತ್ರೆಗೆ ಅಜ್ಜನ ಹೆಗಲ ಮೇಲೆ ಕೂತು ಹೋಗಿದ್ದೂ ನೆನಪಿದೆ. ಆದರೆ ಗೈಡ್ ಮಾಡ್ಕೊಂಡು ನೋಡಿದ್ದು ಇದೇ ಮೊದಲು. ಬೆಂಗಳೂರಿನಿಂದ ಬಂದಿದ್ದ ಇಬ್ಬರು ಸಂಗಾತಿಗಳು "ಈ ಸಲ ಇತಿಹಾಸ ತಿಳ್ಕೊಂಡೇ ನಡೆಯೋಣ" ಅಂದರು. ಸರಿ ಅಂದೆ.

ವಿರೂಪಾಕ್ಷ ಗುಡಿಯ ಒಂಬತ್ತು ಅಂತಸ್ತಿನ ಗೋಪುರಕ್ಕೆ ಬೆನ್ನು ಮಾಡಿ ನಿಂತರೆ ಎದುರಿಗೆ ಬಜಾರ್ ಬೀದಿ. ಹೆಚ್ಚೂಕಡಿಮೆ ಮುಕ್ಕಾಲು ಕಿಲೋಮೀಟರ್, ನೇರ ಪೂರ್ವಕ್ಕೆ. ಎರಡೂ ಬದಿ ಕಲ್ಲುಕಂಬದ ಸಾಲು ಮಂಟಪ, ಕೊನೆಗೆ ಎದುರು ಬಸವಣ್ಣ. ಗೈಡ್ ಹುಡುಗ ಒಳ್ಳೆಯವನು, ಮಾತು ಚುರುಕು. ಮಂಟಪದ ಮುಂದೆ ನಿಂತು ಎರಡೂ ಕೈ ಬೊಗಸೆ ಮಾಡಿ, "ಸರ್, ಇಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರ್ತಿದ್ರು" ಅಂದ. ನಾವೆಲ್ಲಾ ಮೂರನೇ ಕ್ಲಾಸಿಂದ ಕೇಳಿದ್ದೇ.

ನಾನು ಕೇಳಿದೆ, "ತಮ್ಮಾ, ಚಪ್ಪಲಿ ಹೊಲಿಯೋರು ಎಲ್ಲಿ ಕೂರ್ತಿದ್ರು?"

ಅವನು ನಕ್ಕ. "ಸರ್, ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಇದನ್ನ."

ಕುಚೋದ್ಯಕ್ಕೆ ಕೇಳಿದ್ದಲ್ಲ ಗೆಳೆಯರೇ. ನಮ್ಮಜ್ಜ ಕಪಿಲೆ ಬಾವಿಗೆ ತೊಗಲಿನ ಬಾನಿ ಹೊಲಿಯುತ್ತಿದ್ದ. ಸುಣ್ಣದ ನೀರು, ತಂಗಡಿ ಚಕ್ಕೆ, ಆ ವಾಸನೆ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಊರಿನ ಹೊಲಕ್ಕೆಲ್ಲಾ ನೀರು ಎತ್ತಿದ್ದು ಅವನು ಹೊಲಿದ ತೊಗಲು, ಅವನಿಗೆ ಮಾತ್ರ ಆ ಬಾವಿಯ ಮೆಟ್ಟಿಲಿಳಿಯೋ ಹಂಗಿರಲಿಲ್ಲ. ಅದಕ್ಕೇ ಎಲ್ಲಿಗೆ ಹೋದರೂ ನನ್ನ ಕಣ್ಣು ತೊಗಲು ಹುಡುಕುತ್ತೆ.

ಮತ್ತೆ ಅದು ಸಿಗುತ್ತೆ ಕೂಡ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೋ ಪೇಸ್ ಬರೆದಿಟ್ಟದ್ದನ್ನ ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ಎಲ್ಲಾ ಗೈಡುಗಳ ಮುತ್ತು ರತ್ನಕ್ಕೂ ಬಂಡವಾಳ ಆ ಬರಹವೇ. ಮಜಾ ಏನಂದ್ರೆ ಪೇಸ್ ಮಾಣಿಕ್ಯ, ವಜ್ರ, ಮುತ್ತು ಅಂತ ಪಟ್ಟಿ ಕೊಟ್ಟಿದ್ದು ಅರಮನೆ ಕಡೆಯ ಬೀದಿಗೆ. ವಿರೂಪಾಕ್ಷನ ಬೀದಿಯಲ್ಲಿ ಅವನು ಕಂಡದ್ದು ಚಂದದ ಮನೆಗಳು, ಯಾತ್ರಿಕರು ಇಳಿದುಕೊಳ್ಳೋ ಮೊಗಸಾಲೆಗಳು, ದೊಡ್ಡವರ ಬಿಡಾರ, ರಾಜನದ್ದೂ ಒಂದು ಅರಮನೆ.

ಅದೇ ಪೇಸ್ ಇನ್ನೊಂದು ಮಾತು ಬರೀತಾನೆ, ಅದನ್ನ ಯಾವ ಗೈಡೂ ಹೇಳಲ್ಲ. ಆನೆಗೊಂದಿ ಕಡೆ ಹೊಳೆ ದಾಟೋಕೆ ಬುಟ್ಟಿಯಂಥಾ ದುಂಡನೆ ದೋಣಿಗಳಿದ್ದವು, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂರ್ತಿದ್ರು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸ್ತಿದ್ರು ಅಂತ. ನಮ್ಮ ಹರಿಗೋಲು! ಈಗ ಅದಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳೀತಾರೆ. ಆಗ ತೊಗಲು. ಅಂದರೆ ಅಷ್ಟು ದೊಡ್ಡ ಸಾಮ್ರಾಜ್ಯ ತುಂಗಭದ್ರೆ ದಾಟುತ್ತಿದ್ದದ್ದು ಸತ್ತ ದನದ ಚರ್ಮದ ಮೇಲೆ ಕೂತು. ಕುದುರೆಯ ಜೀನು, ಲಗಾಮು, ಸೈನಿಕರ ಮೆಟ್ಟು, ಉತ್ಸವದ ನಗಾರಿ, ಯಾವುದಕ್ಕೆ ತೊಗಲು ಬೇಡ ಹೇಳಿ? ಅದನ್ನ ಹದ ಮಾಡಿದ ಕೈ ಯಾರದು ಅಂತ ಈ ನಾಡಿನಲ್ಲಿ ಬಿಡಿಸಿ ಹೇಳಬೇಕಿಲ್ಲ. ಕಲ್ಲು ಐನೂರು ವರ್ಷ ನಿಂತಿತು, ಸ್ಮಾರಕ ಆಯ್ತು, 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ತೊಗಲು ಕೊಳೆತು ಮಣ್ಣಾಯ್ತು.

ಎದುರು ಬಸವಣ್ಣನ ಪಕ್ಕದ ಮೆಟ್ಟಿಲು ಹತ್ತುವಾಗ ಬಲಕ್ಕೆ ಬೆಟ್ಟ. "ಇದು ಮತಂಗ ಪರ್ವತ ಸರ್, ಮತಂಗ ಋಷಿ ತಪಸ್ಸು ಮಾಡಿದ ಜಾಗ, ಮೇಲಿಂದ ಸೂರ್ಯೋದಯ ತುಂಬಾ ಚೆನ್ನಾಗಿ ಕಾಣುತ್ತೆ." ಅಷ್ಟೇ. ಸೂರ್ಯೋದಯಕ್ಕೆ ಮುಗೀತು.

ಮಾತಂಗ ಅನ್ನೋ ಪದಕ್ಕೆ ಆನೆ ಅಂತಲೂ ಅರ್ಥ ಇದೆ, ನಿಜ. ಆದರೆ ಅಮರಕೋಶ ತೆಗೆದು ನೋಡಿ, ಚಂಡಾಲ ಅನ್ನೋದಕ್ಕೆ ಕೊಟ್ಟಿರೋ ಸಮಾನಪದಗಳ ಸಾಲಿನಲ್ಲಿ ಮಾತಂಗ ಇದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಮಾಂಗ್, ಮಾತಂಗ್, ಮಿನಿಮಾದಿಗ್ ಅಂತ ಒಟ್ಟಿಗೇ ಬರುತ್ತೆ. ನಮ್ಮ ಹಿರಿಯರು ಮಾತಂಗಿಯ ಮಕ್ಕಳು ನಾವು ಅಂತ ಹೇಳಿಕೊಂಡೇ ಬಂದವರು. ರಾಮಾಯಣದಲ್ಲಿ ವಾಲಿ ಕಾಲಿಡಲಾಗದ ನೆಲ ಮತಂಗನದ್ದು. ಅಣ್ಣನಿಗೆ ಹೆದರಿ ಓಡಿದ ಸುಗ್ರೀವನಿಗೆ ಆಶ್ರಯ ಸಿಕ್ಕಿದ್ದು ಅಲ್ಲೇ. ಇಷ್ಟನ್ನೆಲ್ಲ ಪುರಾಣ ಅಂತ ಪಕ್ಕಕ್ಕಿಟ್ಟರೂ ಒಂದು ಉಳಿಯುತ್ತೆ: ಬೀದಿಯ ಒಂದು ತುದಿಗೆ ವಿರೂಪಾಕ್ಷ, ಇನ್ನೊಂದು ತುದಿಯಲ್ಲಿ, ಅವನ ಗೋಪುರಕ್ಕಿಂತ ಎತ್ತರಕ್ಕೆ, ನಮ್ಮ ಹೆಸರು. ಇದನ್ನ ಗೈಡ್ ಹುಡುಗನಿಗೆ ಹೇಳಿದೆ. ಮೊಬೈಲ್ ತೆಗೆದು ಬರ್ಕೊಂಡ.

ಬೆಟ್ಟದ ಆಚೆ ಇಳಿದರೆ 1534ರ ಅಚ್ಯುತರಾಯ ಗುಡಿ, ಅದರ ಮುಂದೆ ಇನ್ನೊಂದು ಬಜಾರ್ ಬೀದಿ. ಜನ ಕರೆಯೋದು ಸೂಳೆ ಬಜಾರ್ ಅಂತ. ಇಲ್ಲಿ ಎಲ್ಲರಿಗೂ ಮುಸಿಮುಸಿ ನಗು, ನಮ್ಮ ಜೊತೆ ಸೇರಿಕೊಂಡಿದ್ದ ಬೇರೆ ಪ್ರವಾಸಿಗರು ಫೋಟೋ ಕೂಡ ತಗೊಂಡರು. ಈ ಗುಡಿ ಏಳುವ ಮೊದಲೇ, 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬರೆದಿದ್ದಾನೆ, ವೇಶ್ಯೆಯರಿಂದ ಬರೋ ಆದಾಯದಲ್ಲೇ ನಗರ ಕಾಯುವ ಪೇದೆಗಳ ಸಂಬಳ ನಡೀತಿತ್ತು ಅಂತ. ಆ ಹೆಣ್ಣುಮಕ್ಕಳೆಲ್ಲಾ ನಮ್ಮವರೇ ಅಂತ ನಾನು ಹೇಳಲ್ಲ. ಆದರೆ 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೂ ಹೊಸಪೇಟೆ, ಕೂಡ್ಲಿಗಿ, ಕೊಪ್ಪಳದ ಕೇರಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ಅವ್ವಂದಿರು ಯಾವ ಕೇರಿಯವರು ಅನ್ನೋದು ನಮಗೆಲ್ಲಾ ಗೊತ್ತು. ಅವರ ಮಕ್ಕಳು ಸಂಘಟನೆಯಲ್ಲಿ ನಮ್ಮ ಜೊತೆ ಕೂರ್ತಾರೆ. ಅವರ ಮುಂದೆ ಆ ನಗು ನಗೋಕಾಗುತ್ತಾ?

ಪೇಸ್ ಇನ್ನೊಂದನ್ನೂ ಬರೆದಿದ್ದಾನೆ. ರಾಯ ಕೆರೆ ಕಟ್ಟಿಸ್ತಾ ಇದ್ದ, ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡ್ತಿದ್ರು, ಏರಿ ಮತ್ತೆ ಮತ್ತೆ ಒಡೀತು. ದೇವರು ರಕ್ತ ಕೇಳ್ತಿದೆ ಅಂದರು ಬ್ರಾಹ್ಮಣರು. ಗುಡಿಯ ಬಾಗಿಲಲ್ಲಿ ಅರವತ್ತು ಗಂಡಸರ ತಲೆ ಕಡಿಸಿದ, ಜೊತೆಗೆ ಕುದುರೆ, ಕೋಣ. ಮರಣದಂಡನೆಯ ಕೈದಿಗಳು ಅಂತ ನೂನಿಜ್ ಬರೀತಾನೆ. ಇರಬಹುದು. ಕಟ್ಟಿಸಿದವನ ಹೆಸರು ಶಾಸನದಲ್ಲಿದೆ, ಆ ಅರವತ್ತರಲ್ಲಿ ಒಂದು ಹೆಸರೂ ಇಲ್ಲ.

ವಾಪಸ್ ಬಜಾರಿಗೆ ಬಂದು ಚಹಾ ಕುಡೀವಾಗ ಗೈಡ್ ಹುಡುಗ ಸುಮ್ಮನೆ ಒಂದು ಮಂಟಪ ತೋರಿಸಿದ. "ಸರ್, ಅದು ನಮ್ಮನೆ." 2011ರ ಜುಲೈನಲ್ಲಿ ಈ ಸಾಲು ಮಂಟಪಗಳಲ್ಲಿ ತಲೆಮಾರಿನಿಂದ ಇದ್ದವರ ಮನೆ, ಅಂಗಡಿಗೆ ಬುಲ್ಡೋಜರ್ ಬಂತಲ್ಲ, ಆಗ ಅವನು ಸ್ಕೂಲ್ ಹುಡುಗ. ಕಂಬಗಳ ನಡುವೆ ಗೋಡೆ ಎತ್ತಿ ಒಲೆ ಹೂಡಿದ್ದರಂತೆ. ಅಮ್ಮ ಪಾತ್ರೆ ಹೊರಗೆ ತರೋಷ್ಟರಲ್ಲಿ ಅರ್ಧ ಗೋಡೆ ಹೋಗಿತ್ತಂತೆ. ಆಮೇಲೆ ಕಡ್ಡಿರಾಂಪುರದ ಕಡೆ ಜಾಗ. ಈಗ ಮಂಟಪ ಖಾಲಿ, ಸ್ವಚ್ಛ.

"ಇದನ್ನ ಪ್ರವಾಸಿಗರಿಗೆ ಹೇಳ್ತೀಯಾ?"

"ಇಲ್ಲ ಸರ್. ಅವರು ಇತಿಹಾಸ ಕೇಳೋಕೆ ಬಂದಿರ್ತಾರೆ."

ಅವನ ಜಾತಿ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಂಬರ್ ತಗೊಂಡೆ.

ಬರೋ ತಿಂಗಳು ಎರಡನೇ ಭಾನುವಾರ ನಾವೇ ಒಂದಿಪ್ಪತ್ತು ಜನ ಸೇರಿ ಇದೇ ಬೀದಿ ನಡೆಯೋಣ ಅಂತಿದೀವಿ, ಅದೇ ಹುಡುಗ ಗೈಡ್. ಈ ಸಲ ಅವನ ಮನೆಯಿಂದ ಶುರು ಮಾಡಿ ಮತಂಗ ಬೆಟ್ಟಕ್ಕೆ ಹತ್ತಿ ನಿಲ್ಲಿಸ್ತೀವಿ. ನಿಮ್ಮ ಕೇರಿಯಲ್ಲಿ ಬಾನಿ ಹೊಲಿದ, ಹರಿಗೋಲಿಗೆ ತೊಗಲು ಬಿಗಿದ ನೆನಪಿರೋ ಹಿರಿಯರು ಇದ್ದರೆ ದಯವಿಟ್ಟು ಕರ್ಕೊಂಡು ಬನ್ನಿ. ಬೆಟ್ಟ ಹತ್ತೋಕಾಗದವರಿಗೆ ಕೆಳಗೆ ನೆರಳಲ್ಲಿ ಕೂರೋ ವ್ಯವಸ್ಥೆ ಮಾಡ್ತೀವಿ. ಬೆಳಿಗ್ಗೆ ಏಳಕ್ಕೆ, ಗೋಪುರದ ಮುಂದೆ. ಜೈ ಭೀಮ್.