ಕೊಳಗದ ಲೆಕ್ಕ, ಕಾಲುವೆಯ ಲೆಕ್ಕ



ರೈತ ಸಂಘಟನೆಗಳ ಬಗ್ಗೆ ಮಾತನಾಡಲು ಒಬ್ಬ ಲೆಕ್ಕಿಗನನ್ನು ಕರೆದಿದ್ದೀರಿ. ಇದು ಅಷ್ಟೇನೂ ವಿಚಿತ್ರವಲ್ಲ. ನಮ್ಮ ರೈತ ಸಂಘಗಳು ಹುಟ್ಟಿದ್ದೇ ಲೆಕ್ಕದ ತಕರಾರಿನಿಂದ.

1951ರ ಕಾಗೋಡನ್ನು ನೆನೆಯಿರಿ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಗೇಣಿಯನ್ನು ಭತ್ತದಲ್ಲಿ ಕೊಡಬೇಕಿತ್ತು. ಅಳೆಯುವ ಕೊಳಗ ಮಾತ್ರ ಭೂಮಾಲೀಕರದ್ದು, ರೂಢಿಯ ಕೊಳಗಕ್ಕಿಂತ ದೊಡ್ಡದು. ಎಣಿಕೆ ಸರಿ, ಅಳತೆ ತಪ್ಪು. ಇದನ್ನು ಒಬ್ಬ ಗೇಣಿದಾರ ಒಂಟಿಯಾಗಿ ಕೇಳಿದ್ದರೆ ಮರುವರ್ಷ ಅವನಿಗೆ ಗದ್ದೆಯೇ ಇರುತ್ತಿರಲಿಲ್ಲ. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ರೈತ ಸಂಘ ಎಲ್ಲರ ಪರವಾಗಿ ಕೇಳಿತು. ಆಗಲೂ ಗೇಣಿದಾರರನ್ನು ಭೂಮಿಯಿಂದ ಬಿಡಿಸಿದರು. ಸತ್ಯಾಗ್ರಹ ನಡೆಯಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸರಿಯಾದ ಕೊಳಗ ಬೇಕು ಎಂಬಲ್ಲಿ ಶುರುವಾದ ಮಾತು, ಉಳುವವನೇ ಒಡೆಯನಾಗಬೇಕು ಎಂಬಲ್ಲಿಗೆ ಬೆಳೆಯಿತು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ಒಡೆಯನಾದ ರೈತನಿಗೆ ಮುಂದೆ ಎದುರಾದದ್ದು ಸರ್ಕಾರದ ಲೆಕ್ಕ. ಮಲಪ್ರಭಾ ಅಣೆಕಟ್ಟಿನ ಕಾಲುವೆ ಬಂತು, ನಿಮ್ಮ ಜಮೀನಿನ ಬೆಲೆ ಏರಿತು, ಆದ್ದರಿಂದ ಎಕರೆಗೆ 1500 ರೂಪಾಯಿವರೆಗೆ ಬೆಟರ್‌ಮೆಂಟ್ ಲೆವಿ ಕಟ್ಟಿ ಎಂದರು. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಇದು ಕೈಗೆ ಬಾರದ ಲಾಭದ ಮೇಲಿನ ವಸೂಲಿ. ನಿಮ್ಮ ಷೇರಿನ ಬೆಲೆ ಏರಿದೆ, ಮಾರದಿದ್ದರೂ ಈಗಲೇ ಕಟ್ಟಿ ಎಂದರೆ ಹೇಗಿರುತ್ತದೆ? ಅದೂ ಎಷ್ಟೋ ಹೊಲಗಳಿಗೆ ನೀರೇ ಸರಿಯಾಗಿ ತಲುಪಿರಲಿಲ್ಲ, ಹತ್ತಿಯ ಧಾರಣೆ ಬೇರೆ ಕುಸಿದಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ರೈತರು ಸತ್ತರು, ಪೊಲೀಸರೂ ಸತ್ತರು. 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ ಊರಿಗೆ ಬಂಡಾಯ ಎಂಬ ಪದ ಎರಡನೇ ಸಲ ಅಂಟಿಕೊಂಡಿತು.

ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಶಿವಮೊಗ್ಗದ ಕಡೆಯ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಜೊತೆಗೆ ಕಾನೂನು ಮೇಷ್ಟ್ರು ಎಂ.ಡಿ. ನಂಜುಂಡಸ್ವಾಮಿ. ಸಾಲ ವಸೂಲಿಗೆ ಬರುವ ಅಧಿಕಾರಿ ಸಂಘದ ಅನುಮತಿಯಿಲ್ಲದೆ ಊರೊಳಗೆ ಕಾಲಿಡಬಾರದು ಎಂಬ ಬೋರ್ಡುಗಳು ಹಳ್ಳಿಗಳ ಬಾಯಲ್ಲಿ ಎದ್ದವು. ಸಾಲ ಕೊಟ್ಟವರ ಲೆಕ್ಕ ಪರಿಶೋಧಿಸುವ ನನ್ನಂಥವನಿಗೆ ಆ ಬೋರ್ಡು ಕಸಿವಿಸಿ ತರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ರೈತನಿಗೆ ಸರ್ಕಾರ ಎಷ್ಟು ಬಾಕಿ ಎಂದು ಅವರು ಕೇಳಿದ ತಿರುಗುಪ್ರಶ್ನೆ ಪುಸ್ತಕದ ಎರಡೂ ಬದಿ ನೋಡುವವನ ಪ್ರಶ್ನೆಯೇ. ನನ್ನ ನಿಜವಾದ ತಕರಾರು ಬೇರೆ: ಜಮೀನಿದ್ದವನ ಬಾಕಿಯನ್ನು ಅಷ್ಟು ಚೆನ್ನಾಗಿ ಹೇಳಿದ ಸಂಘ, ಅವನ ಹೊಲದಲ್ಲಿ ದುಡಿಯುವ ಕೂಲಿಯವರ ಲೆಕ್ಕವನ್ನು ಅಷ್ಟು ಗಟ್ಟಿಯಾಗಿ ಎತ್ತಲಿಲ್ಲ.

ಜುಲೈ 21ರಂದು ನರಗುಂದದಲ್ಲಿ ಇಂದಿಗೂ ಹುತಾತ್ಮರ ದಿನ ನಡೆಯುತ್ತದೆ. 2015ರಲ್ಲಿ ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂದು ರೈತರು ಧರಣಿ ಕೂತದ್ದೂ ಅದೇ ಊರಿನಲ್ಲಿ. 2018ರಲ್ಲಿ ನ್ಯಾಯಮಂಡಳಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿತು. ಲೆವಿ ಕೇಳಿದ ಕಾಲುವೆಗೆ ಬೇಕಾದ ನೀರನ್ನು ಅಲ್ಲಿನವರು ಇನ್ನೂ ಕೇಳುತ್ತಲೇ ಇದ್ದಾರೆ.